ರಾನ್ಯಾದೊಯ್ರೊ ಕೇಸು: ಮರದ ತಾಯಿ-ಮಗು, ಒಂದು ಡಬ್ಬ ಎನಾಮೆಲ್ ಪೇಂಟು

2018ರ ಸೆಪ್ಟೆಂಬರ್‌ನಲ್ಲಿ ಒಂದು ಫೋಟೋ ಎಲ್ಲರ ಫೋನಲ್ಲೂ ಓಡಾಡ್ತು, ನಿಮಗೂ ಬಂದಿರಬಹುದು. ಎಡಗಡೆ ಕಂದು ಬಣ್ಣದ ಹಳೇ ಮರದ ವಿಗ್ರಹ. ಬಲಗಡೆ ಅದೇ ವಿಗ್ರಹ, ಆದ್ರೆ ಈಗ ಢಾಳಾದ ಪಿಂಕು, ಆಕಾಶ ನೀಲಿ, ಗಿಳಿ ಹಸಿರು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಗೆರೆ, ತುಟಿಗೆ ಲಿಪ್‌ಸ್ಟಿಕ್. ನಾನೂ ನಕ್ಕು ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದ್ದೆ. ಆಮೇಲೆ ಮಧ್ಯಯುಗದ ಮರದ ಮೇರಿ ವಿಗ್ರಹಗಳ ಬಗ್ಗೆ ಓದ್ತಾ ಹೋದ ಹಾಗೆ ಆ ನಗು ಸ್ವಲ್ಪ ಸ್ವಲ್ಪಾನೇ ಇಳೀತು, ಯಾಕಂದ್ರೆ ಈ ಕೇಸಲ್ಲಿ ಎಲ್ಲರೂ ಬಲಗಡೆ ಫೋಟೋನೇ ನೋಡಿದ್ರು, ಎಡಗಡೆದ್ರಲ್ಲೂ ಏನೋ ಒಂದು ಕಾಣೆಯಾಗಿದೆ ಅನ್ನೋದು ಯಾರಿಗೂ ಹೊಳೀಲಿಲ್ಲ. ನನಗೂ ಹೊಳೆದಿರ್ಲಿಲ್ಲ ಬಿಡಿ.

ಆಗಿದ್ದೇನು

ಸ್ಪೇನಿನ ಉತ್ತರಕ್ಕೆ ಆಸ್ತೂರಿಯಾಸ್ ಅಂತ ಒಂದು ಪ್ರಾಂತ್ಯ. ಸ್ಪೇನ್ ಅಂದ್ರೆ ಬಿಸಿಲು, ಒಣ ನೆಲ ಅನ್ಕೋತೀವಲ್ಲ, ಇದು ಅದಲ್ಲ, ಸಮುದ್ರದ ಕಡೆಯಿಂದ ಬಂದ ಮೋಡ ಬೆಟ್ಟಕ್ಕೆ ಬಡಿದು ವರ್ಷವಿಡೀ ಹಸಿಹಸಿಯಾಗಿರೋ ಜಾಗ. ಅಲ್ಲಿ ತಿನೆಯೊ ಅನ್ನೋ ತಾಲೂಕಿಗೆ ಸೇರಿದ ಪುಟ್ಟ ಹಳ್ಳಿ ರಾನ್ಯಾದೊಯ್ರೊ. ಹಳ್ಳಿಯ ಸಣ್ಣ ಚಾಪೆಲ್‌ನಲ್ಲಿ ಮೂರು ಮರದ ವಿಗ್ರಹ ಇದ್ವು: ಮಗು ಯೇಸುವಿನ ಜೊತೆ ಮೇರಿ, ಸಂತ ಪೀಟರ್, ಮತ್ತೆ ಸಂತ ಆನ್ ಅಂದ್ರೆ ಮೇರಿಯ ತಾಯಿ ತನ್ನ ಮಗಳು, ಮೊಮ್ಮಗನ ಜೊತೆ ಇರೋದು. ಸುದ್ದಿಯಲ್ಲಿ ಬಂದ ಹಾಗೆ 15ನೇ ಶತಮಾನದ ಕೆಲಸ.

ಇವನ್ನ 2002-03ರಲ್ಲಿ ಒಬ್ಬ ವೃತ್ತಿಪರ ರೆಸ್ಟೋರರ್ ಸರಿಯಾಗೇ ರಿಪೇರಿ ಮಾಡಿ ವಾಪಸ್ ಚಾಪೆಲ್ಲಿಗೆ ಇಟ್ಟಿದ್ರು. ಹದಿನೈದು ವರ್ಷ ಸುದ್ದಿ ಇಲ್ಲ. ಆಮೇಲೆ ಊರಿನದ್ದೇ ಒಬ್ಬ ಮಹಿಳೆ, ಅಲ್ಲಿನ ಪಾದ್ರಿ ಹತ್ರ ಕೇಳಿ ಒಪ್ಪಿಗೆ ತಗೊಂಡು, ಮೂರಕ್ಕೂ ಬಣ್ಣ ಹೊಡೆದ್ರು. ಇಂಡಸ್ಟ್ರಿಯಲ್ ಎನಾಮೆಲ್, ನಾವು ಗೇಟಿಗೆ ಕಿಟಕಿ ಸರಳಿಗೆ ಬಳಿಯೋ ಜಾತಿದು ಅಂತ ವರದಿಗಳಲ್ಲಿ ಬಂತು. ಪತ್ರಿಕೆಯವರು ಕೇಳಿದಾಗ ಆಕೆ ಹೇಳಿದ್ದರ ಸಾರಾಂಶ ಇದು: ನಾನೇನು ಪ್ರೊಫೆಶನಲ್ ಪೇಂಟರ್ ಅಲ್ಲ, ಆದ್ರೆ ಬಣ್ಣ ಹಚ್ಚೋದು ಮೊದಲಿಂದ ಇಷ್ಟ, ವಿಗ್ರಹಗಳಿಗೆ ಬಣ್ಣ ಬೇಕೇಬೇಕಿತ್ತು, ನನಗೆ ಬಂದ ಹಾಗೆ, ಸರಿ ಕಂಡ ಬಣ್ಣದಲ್ಲಿ ಮಾಡಿದೆ, ಅಕ್ಕಪಕ್ಕದವರಿಗೂ ಹಿಡಿಸ್ತು.

ಆಸ್ತೂರಿಯಾಸ್‌ನ ಶಿಕ್ಷಣ ಮತ್ತು ಸಂಸ್ಕೃತಿ ಮಂತ್ರಿ ಹೆನಾರೊ ಅಲೊನ್ಸೊ ಇದನ್ನ ರೆಸ್ಟೋರೇಶನ್ ಅನ್ನೋದಕ್ಕಿಂತ ಸೇಡು ತೀರಿಸಿಕೊಂಡ ಹಾಗಿದೆ ಅಂದ್ರು. ಸ್ಪೇನಿನ ರೆಸ್ಟೋರರ್‌ಗಳ ಸಂಘ ಆಕ್ರೆ ಕೂಡ ಸಿಟ್ಟಾಯ್ತು. ಪ್ರಪಂಚದ ಪೇಪರ್‌ಗಳಿಗೆಲ್ಲ ಎರಡು ದಿನ ಹಬ್ಬ.

ಸೇಡು ಅನ್ನೋ ಆ ಮಾತು ನನಗೆ ಸರಿ ಕಾಣಲಿಲ್ಲ. ಯಾರ ಮೇಲಿನ ಸೇಡು? ಪ್ರೀತಿ ಇಲ್ಲದೆ ಮೂರು ವಿಗ್ರಹಕ್ಕೆ ಕೂತು ಬಣ್ಣ ಹಚ್ಚೋ ತಾಳ್ಮೆ ಯಾರಿಗಿರತ್ತೆ ಹೇಳಿ.

ಆ ಮೂರನೇ ವಿಗ್ರಹದ ಬಗ್ಗೆ

ಅಜ್ಜಿ, ಮಗಳು, ಮೊಮ್ಮಗ ಒಟ್ಟಿಗೆ ಇರೋ ಈ ರೂಪಕ್ಕೆ ಸ್ಪೇನಿನಲ್ಲಿ ಸಾಂತಾ ಆನಾ ತ್ರಿಪ್ಲೆ ಅಂತಾರೆ, ಜರ್ಮನ್ನರಲ್ಲಿ ಆನಾ ಸೆಲ್ಬ್‌ಡ್ರಿಟ್, ಅಂದ್ರೆ ತಾನೂ ಸೇರಿ ಮೂವರಾದ ಆನ್. ಮಜಾ ಏನಂದ್ರೆ ಬೈಬಲ್‌ನಲ್ಲಿ ಆನ್ ಹೆಸರೇ ಇಲ್ಲ, ಈ ಅಜ್ಜಿ ಬಂದಿದ್ದು ಬೈಬಲ್ಲಿಗೆ ಸೇರದ ಒಂದು ಹಳೇ ಗ್ರಂಥದಿಂದ, ಯಾಕೋಬನ ಹೆಸರಲ್ಲಿರೋ ಸುವಾರ್ತೆಯಿಂದ. ಆದ್ರೆ ಜನಕ್ಕೆ ಅದೆಲ್ಲ ಯಾಕೆ? ಮೇರಿಗೆ ಒಬ್ಬ ಅಮ್ಮ ಇರ್ಲೇಬೇಕಲ್ಲ! 15ನೇ ಶತಮಾನದ ಹೊತ್ತಿಗೆ ಯುರೋಪಿನ ತುಂಬಾ ಆನ್ ಭಕ್ತಿ ಜೋರಾಯ್ತು, ಮಕ್ಕಳಾಗದವರು, ಬಸುರಿಯರು, ವಯಸ್ಸಾದ ಹೆಂಗಸರು ಎಲ್ಲರೂ ಆಕೆ ಹತ್ರ ಹೋಗೋರು.

ಇದನ್ನ ಕೆತ್ತೋದು ಸುಲಭ ಇಲ್ಲ. ಮೂರು ತಲೆಮಾರು ಒಂದೇ ದಿಮ್ಮಿಯಲ್ಲಿ ಬರಬೇಕು. ಅದಕ್ಕೆ ಎಷ್ಟೋ ಕಡೆ ಆನ್ ದೊಡ್ಡದಾಗಿ ಕೂತಿರ್ತಾಳೆ, ಆಕೆ ತೊಡೆ ಮೇಲೆ ಮೇರಿ ಒಂದು ಪುಟ್ಟ ಹುಡುಗಿಯಷ್ಟು ಗಾತ್ರ, ಆ ಹುಡುಗಿ ಕೈಯಲ್ಲಿ ಇನ್ನೂ ಸಣ್ಣ ಯೇಸು. ಅಳತೆ ಇಲ್ಲಿ ಕಣ್ಣಿಗೆ ಕಂಡ ಹಾಗಲ್ಲ, ಯಾರು ಯಾರ ಮಡಿಲಿಂದ ಬಂದ್ರು ಅನ್ನೋ ಲೆಕ್ಕದಲ್ಲಿ. ಹೀಗೆ ಒಬ್ಬರೊಳಗೆ ಒಬ್ಬರು ಕೂತಿರೋ ಆಕೃತಿಯಲ್ಲಿ ಯಾರ ಸೆರಗು ಎಲ್ಲಿ ಮುಗೀತು, ಯಾರ ಕೈ ಎಲ್ಲಿ ಶುರುವಾಯ್ತು ಅಂತ ಚಾಪೆಲ್ಲಿನ ಮಬ್ಬು ಬೆಳಕಲ್ಲಿ ಗೊತ್ತಾಗಬೇಕು ಅಂದ್ರೆ ಬಣ್ಣ ಬೇಕು. ಬರಿ ಮರ ಆದ್ರೆ ಎಲ್ಲಾ ಒಂದೇ ಕಂದು ಮುದ್ದೆ. ಆ ಮಹಿಳೆ ಅಜ್ಜಿಗೆ, ಮಗಳಿಗೆ, ಮಗುವಿಗೆ ಬೇರೆ ಬೇರೆ ಬಣ್ಣ ಕೊಟ್ಟಿದ್ದಾರೆ, ಮಗುವಿಗೆ ಹಸಿರು. ಬಣ್ಣದ ಆಯ್ಕೆ ಬಿಡಿ, ಬೇರೆ ಬೇರೆ ಕೊಡಬೇಕು ಅನ್ನೋ ಬುದ್ಧಿ ಇದೆಯಲ್ಲ, ಅದು ಸರಿಯಾಗೇ ಇದೆ.

ಆ ಕಾಲದಲ್ಲಿ ಬಣ್ಣ ಹೇಗಿರ್ತಿತ್ತು

ಮಧ್ಯಯುಗದ ಮರದ ವಿಗ್ರಹ ಅಂದ್ರೆ ಕೆತ್ತಿದ ಮರ ಅನ್ಕೋತೀವಿ. ಅವರ ಲೆಕ್ಕದಲ್ಲಿ ಕೆತ್ತನೆ ಮುಗಿದಾಗ ಕೆಲಸ ಇನ್ನೂ ಅರ್ಧ. ಎಷ್ಟೋ ಪಟ್ಟಣಗಳಲ್ಲಿ ಕೆತ್ತೋರ ಸಂಘ ಬೇರೆ, ಬಣ್ಣ ಹಚ್ಚೋರ ಸಂಘ ಬೇರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದ್ರೆ ಜಗಳ, ಕೋರ್ಟು. ಬಣ್ಣ ಮತ್ತೆ ಚಿನ್ನದ ಕೆಲಸಕ್ಕೆ ಕೆತ್ತನೆಯಷ್ಟೇ ಅಥವಾ ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟ ಕರಾರುಗಳೂ ಇವೆ.

ಮೊದಲು ಮರ. ಆಯಾ ಊರಲ್ಲಿ ಸಿಕ್ಕಿದ್ದು: ದಕ್ಷಿಣ ಜರ್ಮನಿಯಲ್ಲಿ ಲಿಂಡನ್, ನೆದರ್‌ಲ್ಯಾಂಡ್ಸ್ ಕಡೆ ಓಕ್, ಫ್ರಾನ್ಸ್ ಸ್ಪೇನ್ ಕಡೆ ವಾಲ್ನಟ್, ಪೈನ್, ಪಾಪ್ಲರ್. ದಿಮ್ಮಿಯ ತಿರುಳು ಬೇಗ ಬಿರುಕು ಬಿಡತ್ತೆ ಅಂತ ವಿಗ್ರಹದ ಬೆನ್ನು ಕಡೆಯಿಂದ ದೋಣಿ ಥರ ಟೊಳ್ಳು ಮಾಡೋರು. ಗೋಡೆಗೆ ಒರಗಿಸಿ ಇಡೋದು ತಾನೆ, ಹಿಂದೆ ಯಾರು ನೋಡ್ತಾರೆ. ಕೀಲುಗಳ ಮೇಲೆ, ಗಂಟುಗಳ ಮೇಲೆ ಲಿನನ್ ಬಟ್ಟೆ ಚೂರು ಅಂಟಿಸೋರು. ಅದರ ಮೇಲೆ ಪ್ರಾಣಿ ಚರ್ಮ ಕುದಿಸಿ ತೆಗೆದ ಅಂಟು, ಆಮೇಲೆ ಗೆಸ್ಸೊ. ಮೈಸೂರು ಚಿತ್ರಕಲೆಯಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸಕ್ಕೆ ಗೆಸ್ಸೊ ಅಂತಾರಲ್ಲ, ಆ ಜಾತಿದೇ, ಸ್ಪೇನಿನಲ್ಲಿ ಜಿಪ್ಸಂ ಪುಡಿ, ಉತ್ತರದ ಕಡೆ ಸೀಮೆಸುಣ್ಣ, ಅಂಟಲ್ಲಿ ಕಲಸಿ ಪದರದ ಮೇಲೆ ಪದರ ಬಳಿದು, ಒಣಗಿಸಿ, ಉಜ್ಜಿ ನಯ ಮಾಡೋದು. ಕೆತ್ತನೆಯ ಒರಟು ಎಲ್ಲ ಇದರೊಳಗೆ ಮುಚ್ಚಿಹೋಗತ್ತೆ, ಸೂಕ್ಷ್ಮ ಗೆರೆಗಳನ್ನ ಎಷ್ಟೋ ಸಲ ಗೆಸ್ಸೊದಲ್ಲೇ ಮತ್ತೆ ತಿದ್ದೋರು.

ಚಿನ್ನ ಬರೋ ಕಡೆ ಕೆಂಪು ಜೇಡಿಮಣ್ಣು, ಅದರ ಮೇಲೆ ರೇಕು, ಆಮೇಲೆ ನಯವಾದ ಕಲ್ಲಿಂದಲೋ ನಾಯಿ ಹಲ್ಲಿಂದಲೋ ತಿಕ್ಕಿ ಹೊಳಪು. ಬಣ್ಣಕ್ಕೆ ಅಜುರೈಟ್ ಕಲ್ಲಿನ ನೀಲಿ, ಇಂಗಳೀಕದ ಕೆಂಪು, ಸೀಸದ ಬಿಳಿ, ತಾಮ್ರದ ಕಿಲುಬಿನ ಹಸಿರು. ಮುಖ ಮತ್ತೆ ಕೈಗೆ ಸ್ಪೇನಿನಲ್ಲಿ ಎನ್‌ಕಾರ್ನಾಸಿಯೋನ್ ಅಂತಾರೆ, ಮಾಂಸ ತುಂಬೋದು ಅಂತ ಅರ್ಥ. ಮರದ ಬೊಂಬೆಗೆ ಜೀವ ಬರೋದು ಅಲ್ಲಿ. ಕೆನ್ನೆಗೆ ಕೆಂಪು, ತುಟಿಗೆ ಕೆಂಪು, ಕಣ್ಣಿಗೆ ಗೆರೆ.

ಹೌದು, ತುಟಿಗೆ ಕೆಂಪು, ಕಣ್ಣಿಗೆ ಗೆರೆ. ನಾವೆಲ್ಲ ನಕ್ಕಿದ್ದು ಅದಕ್ಕೇ ತಾನೆ.

ಇದೆಲ್ಲ ಬರಿ ಥಿಯರಿ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಫ್ರಾನ್ಸಿನ ಓವೆರ್ನ್ ಕಡೆಯ ಒಂದು ತಾಯಿ-ಮಗು ಇದೆ, 12ನೇ ಶತಮಾನದ ಕೊನೆಯದು, 1916ರಲ್ಲಿ ಪಿಯರ್‌ಪಾಂಟ್ ಮಾರ್ಗನ್ ಸಂಗ್ರಹದಿಂದ ಬಂದದ್ದು, ಸುಮಾರು 80 ಸೆಂಟಿಮೀಟರ್ ಎತ್ತರ. ತಾಯಿ ಸಿಂಹಾಸನದಲ್ಲಿ ನೆಟ್ಟಗೆ ಕೂತಿದ್ದಾಳೆ, ಮಗ ಆಕೆಯ ಮಡಿಲನ್ನೇ ಸಿಂಹಾಸನ ಮಾಡ್ಕೊಂಡು ಕೂತಿದ್ದಾನೆ. ದೂರದಿಂದ ನೋಡಿದ್ರೆ ಹಳೇ ಕಂದು ಮರ ಅನ್ಸತ್ತೆ, ಮ್ಯೂಸಿಯಂ ವಿವರ ಓದಿದ್ರೆ ವಾಲ್ನಟ್ ಜೊತೆ ಬಣ್ಣ, ಲಿನನ್, ಸೀಸದ ಬಿಳಿ ಮೇಲೆ ತವರದ ಉಬ್ಬು ಅಲಂಕಾರ ಅಂತೆಲ್ಲ ಇದೆ. ಅಂದ್ರೆ ಒಂದು ಕಾಲಕ್ಕೆ ಅದು ಮಿರಮಿರ ಮಿಂಚ್ತಿತ್ತು.

ಹಾಗಾದ್ರೆ ಬರಿ ಮರ ಎಲ್ಲಿಂದ ಬಂತು

ಬಣ್ಣ ಉದುರತ್ತೆ. ಮೇಣದ ಬತ್ತಿ ಹೊಗೆಗೆ ಕಪ್ಪಾಗತ್ತೆ, ಮೆರವಣಿಗೇಲಿ ಮುಟ್ಟಿ ಮುಟ್ಟಿ ಸವೆಯತ್ತೆ, ಗೆಸ್ಸೊ ಒಳಗೆ ಮರ ಹಿಗ್ಗಿ ಕುಗ್ಗಿ ಪದರ ಏಳತ್ತೆ. ಅದಕ್ಕೆ ಪ್ರತಿ ಒಂದೆರಡು ತಲೆಮಾರಿಗೆ ಊರವರು ಮತ್ತೆ ಬಣ್ಣ ಮಾಡಿಸೋರು, ಹಳೇದರ ಮೇಲೇ. ಜಾತ್ರೆಗೆ ಮೊದಲು ಊರಮ್ಮನಿಗೆ ಬಣ್ಣ ಮಾಡ್ಸೋದು ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೀಗೆ ಒಂದೇ ವಿಗ್ರಹದ ಮೇಲೆ ನಾಲ್ಕು ಐದು ಆರು ಸಲದ ಬಣ್ಣ ಸೇರಿರತ್ತೆ, ಇವತ್ತು ಅದರದ್ದೊಂದು ಸಾಸಿವೆ ಕಾಳಿನಷ್ಟು ಚೂರು ತೆಗೆದು ಮೈಕ್ರೋಸ್ಕೋಪಲ್ಲಿ ಅಡ್ಡ ಸೀಳು ನೋಡಿದ್ರೆ ಕೇಕಿನ ಪದರಗಳ ಥರ ಎಲ್ಲಾ ಕಾಣತ್ತೆ.

19ನೇ ಶತಮಾನದ ಹೊತ್ತಿಗೆ ಓದಿದವರ ರುಚಿ ಬದಲಾಯ್ತು. ಬಣ್ಣದ ವಿಗ್ರಹ ಅಂದ್ರೆ ಹಳ್ಳಿಗುಗ್ಗರ ಅಭಿರುಚಿ, ಶುದ್ಧ ಶಿಲ್ಪ ಅಂದ್ರೆ ಬರಿ ಕಲ್ಲು, ಬರಿ ಮರ. ಕಲೆಕ್ಟರ್‌ಗಳಿಗೆ, ಹಳೇ ಸಾಮಾನು ಮಾರೋರಿಗೆ ಮರದ ನಾರು ಕಾಣಬೇಕಿತ್ತು, ಎಷ್ಟೋ ವಿಗ್ರಹಗಳನ್ನ ಕ್ಷಾರದ ನೀರಲ್ಲಿ ತೊಳೆದು, ಕೆರೆದು ಬೋಳು ಮಾಡಿದ್ರು. ಆ ಕಾಲದಲ್ಲಿ ಇದನ್ನ ಯಾರೂ ಹಾಳು ಮಾಡೋದು ಅಂತ ಕರೀಲಿಲ್ಲ, ಕ್ಲೀನಿಂಗ್ ಅಂದ್ರು.

ಬರಿ ಮರ ಮಧ್ಯಯುಗದಲ್ಲಿ ಇರ್ಲೇ ಇಲ್ಲ ಅಂತಲ್ಲ. ಟಿಲ್‌ಮನ್ ರೀಮೆನ್‌ಶ್ನೈಡರ್ ಅಂತ ಜರ್ಮನ್ ಶಿಲ್ಪಿ, ಲಿಂಡನ್ ಮರದಲ್ಲಿ ಅವನ ಕೈ ಹಿಡಿಯೋರು ಇಲ್ಲ, 1490-92ರಲ್ಲಿ ಮ್ಯುನರ್‌ಸ್ಟಾಟ್ ಅನ್ನೋ ಊರಿನ ಚರ್ಚಿಗೆ ದೊಡ್ಡ ಆಲ್ಟರ್, ಅಂದ್ರೆ ಪೂಜಾಪೀಠದ ಹಿಂದೆ ನಿಲ್ಲಿಸೋ ಕೆತ್ತನೆ, ಮಾಡಿಕೊಟ್ಟ, ಬೇಕೂಂತಲೇ ಬಣ್ಣ ಹಚ್ಚದೆ. ಕಲಾ ಇತಿಹಾಸದವರಿಗೆ ಇದು ದೊಡ್ಡ ತಿರುವು. ಆ ಊರವರು ಏನ್ ಮಾಡಿದ್ರು ಗೊತ್ತಾ? ಹತ್ತು ಹನ್ನೆರಡು ವರ್ಷ ನೋಡಿದ್ರು, ಆಮೇಲೆ ಇನ್ನೊಬ್ಬ ಹೆಸರಾಂತ ಶಿಲ್ಪಿ ಫೈಟ್ ಸ್ಟೋಸ್‌ನ ಕರೆಸಿ ಪೂರ್ತಿ ಬಣ್ಣ, ಚಿನ್ನ ಹಚ್ಚಿಸಿದ್ರು. ಸ್ಟೋಸ್ ಆವಾಗಷ್ಟೇ ನ್ಯೂರೆಂಬರ್ಗ್‌ನಲ್ಲಿ ಖೋಟಾ ಸಾಲಪತ್ರದ ಕೇಸಲ್ಲಿ ಸಿಕ್ಕಿಬಿದ್ದು, ಎರಡೂ ಕೆನ್ನೆಗೆ ಕಾದ ಕಬ್ಬಿಣದ ಬರೆ ಹಾಕಿಸಿಕೊಂಡಿದ್ದ, ಕೆಲಸ ಬೇಕಿತ್ತು, ಬಂದು ಮಾಡಿದ. ಅಂದ್ರೆ ಒಬ್ಬ ಮಹಾ ಶಿಲ್ಪಿಯ ಮೇಲೆ ಇನ್ನೊಬ್ಬ ಮಹಾ ಶಿಲ್ಪಿ ಕೈಲಿ ಊರವರು ಪೇಂಟ್ ಹೊಡೆಸಿದ್ರು. ಬಣ್ಣ ಇಲ್ಲ, ಮುಗಿದಿಲ್ಲ ಅನ್ನೋ ಭಾವನೆ ರಾನ್ಯಾದೊಯ್ರೊದಲ್ಲಿ 2018ರಲ್ಲಿ ಹುಟ್ಟಿದ್ದಲ್ಲ.

ಈಗ ಎಡಗಡೆ ಫೋಟೋ ಮತ್ತೆ ನೋಡಿ. ಕಂದು, ಬೋಳು ಮರ. 2003ರಲ್ಲಿ ರಿಪೇರಿ ಮಾಡಿದವರು ಉಳಿದಿದ್ದನ್ನ ಉಳಿಸಿದ್ರು, ಇಲ್ಲದ್ದನ್ನ ಸೇರಿಸ್ಲಿಲ್ಲ, ವೃತ್ತಿಯ ನಿಯಮದ ಪ್ರಕಾರ ಅದು ನೂರಕ್ಕೆ ನೂರು ಸರಿ. ಆದ್ರೆ ಚಾಪೆಲ್ಲಿಗೆ ಪ್ರಾರ್ಥನೆಗೆ ಬರೋರ ಕಣ್ಣಿಗೆ ಅದು ಅರ್ಧಕ್ಕೆ ಬಿಟ್ಟ ಕೆಲಸ. ಬಣ್ಣ ಬೇಕೇಬೇಕಿತ್ತು ಅಂತ ಆಕೆ ಹೇಳಿದ್ದು ಇತಿಹಾಸದ ಲೆಕ್ಕದಲ್ಲಿ ನೋಡಿದ್ರೆ ಸುಳ್ಳಲ್ಲ.

ಹಾಗಾದ್ರೆ ತಪ್ಪೇ ಇಲ್ವಾ

ಇದೆ, ದೊಡ್ಡದೇ ಇದೆ, ಆದ್ರೆ ಅದು ಪಿಂಕಲ್ಲಿ ಇಲ್ಲ, ಡಬ್ಬದಲ್ಲಿ ಇದೆ.

ಹಳೇ ಕಾಲದ ಪದ್ಧತೀಲಿ ಪ್ರತಿ ಸಲದ ಬಣ್ಣಕ್ಕೂ ಕೆಳಗಿನದಕ್ಕೂ ನಡುವೆ ಎಷ್ಟೋ ಸಲ ಹೊಸ ಗೆಸ್ಸೊ ಪದರ, ಇಲ್ಲಾ ಕೂತ ಮಸಿ ಧೂಳು ಇರತ್ತೆ. ಅದರಿಂದ ಇವತ್ತು ಸ್ಕಾಲ್ಪೆಲ್ ಹಿಡಿದು ಪದರ ಪದರ ಬಿಡಿಸಿ ಒಳಗಿನದಕ್ಕೆ ಇಳಿಯೋಕೆ ಆಗತ್ತೆ, ತಿಂಗಳುಗಟ್ಟಲೆ ಹಿಡಿದ್ರೂ. ಎನಾಮೆಲ್ ಹಾಗಲ್ಲ. ಅದರಲ್ಲಿರೋ ಸಿಂಥೆಟಿಕ್ ರಾಳ ಒಣಗ್ತಾ ಒಣಗ್ತಾ ಒಳಗೊಳಗೇ ಬಲೆ ಹೆಣೆದ ಹಾಗೆ ಗಟ್ಟಿಯಾಗತ್ತೆ. ನಡುವೆ ಗೆಸ್ಸೊ ಇಲ್ಲದೆ ನೇರ ಮರಕ್ಕೆ ಬಿದ್ರೆ ನಾರಿನ ಸಂದಿಗೆ ಇಳಿದು ಅಲ್ಲೇ ಕಚ್ಕೊಳತ್ತೆ. ತೆಗೀಬೇಕು ಅಂದ್ರೆ ಜೋರಾದ ಸಾಲ್ವೆಂಟ್, ಅಂದ್ರೆ ಬಣ್ಣ ಕರಗಿಸೋ ದ್ರವ ಬೇಕು, ಆ ಸಾಲ್ವೆಂಟ್‌ಗೆ ಎನಾಮೆಲ್ ಯಾವುದು, ನಾರಿನ ಮೂಲೇಲಿ ಐನೂರು ವರ್ಷದಿಂದ ಉಳ್ಕೊಂಡ ಒಂದು ಚೂರು ಹಳೇ ಕೆಂಪು ಯಾವುದು ಅನ್ನೋ ಭೇದ ಗೊತ್ತಿಲ್ಲ. ಅದಕ್ಕೆ ರೆಸ್ಟೋರರ್‌ಗಳು ಸಾಲ್ವೆಂಟನ್ನ ಜೆಲ್‌ನಲ್ಲಿ ಕಟ್ಟಿ, ಮೇಲೆ ಮೇಲೆ ಕೂರೋ ಹಾಗೆ ಮಾಡಿ, ಅಂಗುಲ ಅಂಗುಲ ತೆಗೀತಾರೆ. ಇನ್ನೊಂದು, ಆಸ್ತೂರಿಯಾಸ್‌ನಂಥ ಹಸಿ ಹವೆಯಲ್ಲಿ ಮರ ತೇವ ಎಳ್ಕೊಂಡು ಬಿಡ್ತಾ ಇರತ್ತೆ, ಎನಾಮೆಲ್ ಪ್ಲಾಸ್ಟಿಕ್ ಕವರ್ ಥರ ಕೂತ ಕಡೆ ತೇವ ಒಳಗೇ ನಿಲ್ಲತ್ತೆ, ಮರ ಮೆತ್ತಗಾಗತ್ತೆ, ಕುಟ್ಟೆ ಹುಳಕ್ಕೆ ಅದಕ್ಕಿಂತ ಒಳ್ಳೇ ಮನೆ ಬೇಕಾ.

ಆಕೆ ಅಂಟಿನ ಬಣ್ಣದಲ್ಲಿ ಇದೇ ಪಿಂಕು ಇದೇ ಹಸಿರು ಹಚ್ಚಿದ್ರೆ ಇವತ್ತು ಒದ್ದೆ ಹತ್ತೀಲಿ ಒರೆಸಿ ತೆಗೀಬಹುದಿತ್ತು. ಆಗಲೂ ಫೋಟೋ ಇಷ್ಟೇ ವೈರಲ್ ಆಗ್ತಿತ್ತು, ಆದ್ರೆ ನಷ್ಟ ಇಷ್ಟು ಆಗ್ತಿರ್ಲಿಲ್ಲ. ಕಣ್ಣಿಗೆ ಹೊಡೆಯೋ ತಪ್ಪು ಒಂದು, ಮರಕ್ಕೆ ಹೊಡೆಯೋ ತಪ್ಪು ಇನ್ನೊಂದು, ಸುದ್ದಿ ಆಗಿದ್ದು ಮೊದಲನೇದು.

ಇನ್ನು ತಪ್ಪು ಯಾರದ್ದು ಅಂತ ಕೇಳಿದ್ರೆ ಎಲ್ಲರೂ ಆಕೆ ಕಡೆ ಬೆರಳು ತೋರಿಸಿದ್ರು. ಪಾದ್ರಿ ಒಪ್ಪಿದ್ರು ಅನ್ನೋದು ಎರಡನೇ ಸಾಲಿಗೆ ಹೋಯ್ತು. ಸ್ಪೇನಿನಲ್ಲಿ 1985ರ ಪರಂಪರೆ ಕಾನೂನು ಇದೆ, ಯಾರ ವಶದಲ್ಲಿ ಇದೆಯೋ ಅವರೇ ಅದನ್ನ ಕಾಪಾಡಬೇಕು, ಅಂದ್ರೆ ಇಲ್ಲಿ ಚರ್ಚು. ಆದ್ರೆ ಅದೇ ದೇಶದಲ್ಲಿ ರೆಸ್ಟೋರರ್ ಅನ್ನೋ ವೃತ್ತಿಗೆ ಡಾಕ್ಟರ್ ಲಾಯರ್‌ಗೆ ಇರೋ ಥರ ಕಟ್ಟುನಿಟ್ಟಾದ ಕಾನೂನು ಇರ್ಲಿಲ್ಲ, ಆಕ್ರೆಯವರು ವರ್ಷಗಟ್ಟಲೆ ಹೊಡ್ಕೊಂಡಿದ್ದು ಇದನ್ನೇ.

ಅದೇ 2018ರ ಜೂನ್‌ನಲ್ಲಿ ಸ್ಪೇನಿನದೇ ನವಾರಾ ಪ್ರಾಂತ್ಯದ ಎಸ್ತೆಯಾ ಊರಲ್ಲಿ ಇದೇ ಥರ ಆಗಿತ್ತು, 16ನೇ ಶತಮಾನದ ಕುದುರೆ ಮೇಲಿನ ಸಂತ ಜಾರ್ಜ್‌ಗೆ ಕಾರ್ಟೂನ್ ಮುಖ ಬಂತು. ಅಲ್ಲಿ ಸರ್ಕಾರ ಚರ್ಚಿಗೂ ಕೆಲಸ ಮಾಡಿದವರಿಗೂ ದಂಡ ಹಾಕಿ, ಸುಮಾರು 30,000 ಯೂರೋ ಖರ್ಚಲ್ಲಿ ಎಲ್ಲಾ ತೆಗೆಸಿ 2019ರಲ್ಲಿ ವಾಪಸ್ ಇಡ್ತು. ಎಸ್ತೆಯಾ ಸ್ವಲ್ಪ ದೊಡ್ಡ ಊರು, ಯಾತ್ರಿಕರು ಓಡಾಡೋ ದಾರೀಲಿದೆ. ರಾನ್ಯಾದೊಯ್ರೊದಂಥ ಮೂಲೆ ಚಾಪೆಲ್ ಸ್ಪೇನಿನ ತುಂಬಾ ಇವೆ, ಪ್ರತಿ ಒಂದಕ್ಕೂ ತಿಂಗಳಿಗೊಮ್ಮೆ ಹೋಗಿ ನೋಡೋರು ಯಾರು? ಕಸ ಗುಡಿಸಿ ಹೂ ಇಟ್ಟು ಬೀಗ ಹಾಕ್ಕೊಂಡು ಬರೋರು ಊರಿನ ಹೆಂಗಸರೇ. ಹದಿನೈದು ವರ್ಷದಲ್ಲಿ ಒಂದೇ ಒಂದು ಸಲ ಇಲಾಖೆಯವರು ಯಾರಾದ್ರೂ ಬಂದು, ಅಮ್ಮಾ ಇದಕ್ಕೆ ಯಾಕೆ ಬಣ್ಣ ಹಚ್ಚಿಲ್ಲ ಅಂದ್ರೆ ಹೀಗೆ ಅಂತ ಕೂತು ಹೇಳಿದ್ದಿದ್ರೆ ಆ ಡಬ್ಬ ತೆರೀತಿದ್ರಾ? ನನಗಂತೂ ಅನುಮಾನ.

ಪರಿಣತರು ಮಾಡಿದ್ರೆ ಜಗಳ ಇರಲ್ಲ ಅನ್ಕೋಬೇಡಿ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನಲ್ಲಿ ಕಂಬದ ಮಾತೆ ಅಂತ ಒಂದು ಮರದ ಮೇರಿ ಇದೆ, 16ನೇ ಶತಮಾನದ ಶುರುವಿನದು. ಜನ ತಲೆತಲಾಂತರದಿಂದ ಕಪ್ಪು ಮಾತೆ ಅಂತಲೇ ಕೈ ಮುಗೀತಿದ್ರು. ಕಳೆದ ದಶಕದಲ್ಲಿ ಕೆಥೆಡ್ರಲ್ ರಿಪೇರಿ ಜೊತೆ ಇದನ್ನೂ ಮಾಡಿದಾಗ ತಾಯಿ ಮಗು ಇಬ್ಬರ ಮುಖಾನೂ ಬಿಳಿ-ಗುಲಾಬಿ ಆಗಿ ಹೊರಗೆ ಬಂತು, ಮೂಲತಃ ಹೀಗೇ ಇತ್ತು ಅನ್ನೋದು ಅವರ ಸಮರ್ಥನೆ. ನಮ್ಮ ಕಪ್ಪು ತಾಯಿ ಎಲ್ಲಿ ಅಂತ ಗಲಾಟೆ ಆಯ್ತು, ಅರ್ಜಿಗೆ ಸಹಿ ಸಂಗ್ರಹ ಎಲ್ಲ ಆಯ್ತು. ಅಲ್ಲಿ ಸೈನ್ಸ್ ಇತ್ತು, ಪದವಿ ಇತ್ತು, ಬಜೆಟ್ ಇತ್ತು, ಆದ್ರೂ ಭಕ್ತರ ಕಣ್ಣಲ್ಲಿ ಅವರು ಮಾಡಿದ್ದೂ ರಾನ್ಯಾದೊಯ್ರೊದ ಮಹಿಳೆ ಮಾಡಿದ್ದೂ ಒಂದೇ: ಗೊತ್ತಿದ್ದ ಮುಖ ಮಾಯ.

ನಾನೇ ಅಲ್ಲಿನ ಅಧಿಕಾರಿ ಆಗಿದ್ರೆ ಎನಾಮೆಲ್ ತೆಗೆಸ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ, ಮರ ಉಳೀಬೇಕು. ತೆಗೆದ ಮೇಲೆ ಮತ್ತೆ ಆ ಕಂದು ಬೋಳು ಮರವನ್ನ ಹಾಗೇ ಚಾಪೆಲ್ಲಿಗೆ ಕಳಿಸ್ತಿದ್ನಾ ಅಂದ್ರೆ ಇಲ್ಲ. ಮೂಲಾನ ಪ್ರಾಂತ್ಯದ ಮ್ಯೂಸಿಯಂನಲ್ಲಿಟ್ಟು ಹಳ್ಳಿಗೆ ಒಂದು ನಕಲು ಮಾಡಿಸಿಕೊಡೋದು ಒಂದು ದಾರಿ, ಯುರೋಪಲ್ಲಿ ಬೇಕಾದಷ್ಟು ಕಡೆ ಹಾಗೆ ಮಾಡಿದ್ದಾರೆ. ನಕಲಿಗೆ ಗೆಸ್ಸೊ, ಅಂಟು, ಚಿನ್ನದ ರೇಕು ಎಲ್ಲಾ ಹಾಕಿ ಮಧ್ಯಯುಗದ ಕ್ರಮದಲ್ಲೇ ಬಣ್ಣ ಹಚ್ಚಬಹುದು, ಯಾರ ಅಪ್ಪಣೆಯೂ ಬೇಡ. ಬಣ್ಣ ಹಚ್ಚೋಕೆ ಆ ಮಹಿಳೆಯನ್ನೂ ಕರೀತಿದ್ದೆ, ಎನಾಮೆಲ್ ಡಬ್ಬ ಮನೇಲೇ ಬಿಟ್ಟು ಬನ್ನಿ ಅಂತ ಹೇಳಿ.